ಒಂದೇ ಥಾನಿನ ಬಟ್ಟೆ

ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿಯ ಅನ್ನ ಇರುವುದು ಮಕ್ಕಳು ಬೆಳೆಯುವುದರಲ್ಲಿ. ಹತ್ತು ವರ್ಷದ ಮಕ್ಕಳೆಲ್ಲ ಹತ್ತರಲ್ಲೇ ನಿಂತುಬಿಟ್ಟರೆ ಅವನು ಅಂಗಡಿಗೆ ಬೀಗ ಜಡಿದು ಬೇರೆ ಕಸುಬು ನೋಡಿಕೊಳ್ಳಬೇಕು. ಈ ದರ್ಜಿ ಅದನ್ನು ಚೆನ್ನಾಗಿ ಬಲ್ಲವನು. ಸ್ಕರ್ಟಿರಲಿ, ಪ್ಯಾಂಟಿರಲಿ, ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಕ್ಕೆ ಮಡಿಚಿ ಹೊಲಿಯದೆ ಯಾವ ಮಗುವನ್ನೂ ಕಳಿಸಿದವನಲ್ಲ. ವರ್ಷ ಕಳೆದ ಮೇಲೆ ಅದೇ ತಾಯಂದಿರು ಅದೇ ಬಟ್ಟೆ ತಂದು, "ಮಾಸ್ಟರ್, ಮಡಿಕೆ ಬಿಚ್ಚಿಕೊಡಿ, ಎಷ್ಟು ಹೊಲಿಸಿದ್ರೂ ಸಾಲಲ್ಲ ಇವನಿಗೆ" ಎಂದು ಬೈಯುವ ನೆಪದಲ್ಲಿ ಮಗನನ್ನು ಹೊಗಳಿಕೊಳ್ಳುತ್ತಿದ್ದರು. ಮಡಿಕೆ ಬಿಚ್ಚಿದ ಜಾಗದಲ್ಲಿ ಒಂದು ಗೆರೆ ಉಳಿಯುತ್ತದೆ, ಎಷ್ಟು ಇಸ್ತ್ರಿ ಹಾಕಿದರೂ ಹೋಗುವುದಿಲ್ಲ. ಮಕ್ಕಳು ಆ ಗೆರೆಯನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ಮೆರೆಯುತ್ತಿದ್ದರು.

ದರ್ಜಿಯ ಹಿರಿಮಗಳ ಸ್ಕರ್ಟಿನಲ್ಲಿ ಗೆರೆ ಇರಲಿಲ್ಲ. ಏಳು ತುಂಬಿದಾಗ ಹೊಲಿದ ಸ್ಕರ್ಟು ಹತ್ತು ತುಂಬಿದರೂ ಸರಿಯಾಗೇ ಕೂರುತ್ತಿತ್ತು. ಹೊರಗಿನ ಬಟ್ಟೆ ಬಣ್ಣಗೆಟ್ಟು, ಕೂರುವ ಜಾಗದಲ್ಲಿ ಸವೆದು ಹೊಳೆಯುತ್ತಿದ್ದರೆ, ಒಳಗೆ ಮಡಿಚಿಟ್ಟ ನಾಲ್ಕು ಬೆರಳು ಮಾತ್ರ ಅಂಗಡಿಯಿಂದ ಆಗಷ್ಟೇ ತಂದ ಹಾಗಿತ್ತು. ಹುಟ್ಟಿದಾಗಲೇ ದರ್ಜಿ ಅವಳನ್ನು ಅಂಗೈಯಲ್ಲಿ ಮಲಗಿಸಿಕೊಂಡು "ಇದೇನೇ, ಬಾಬಿನ್ನಷ್ಟೇ ಇದೆ" ಎಂದಿದ್ದ. ಹೊಲಿಗೆಯಂತ್ರದ ಹೊಟ್ಟೆಯೊಳಗೆ ತಿರುಗುವ ಬೆರಳ ತುದಿಯಷ್ಟು ಪುಟ್ಟ ದಾರದ ಸುರುಳಿಯ ಹೆಸರು ಅವಳಿಗೆ ಹಾಗೆ ಅಂಟಿಕೊಂಡಿತು. ಎರಡು ವರ್ಷದ ಮೇಲೆ ಹುಟ್ಟಿದವಳು ಪುಟ್ಟಿ. ಆ ಪುಟ್ಟಿ ಎಂಟಕ್ಕೇ ಅಕ್ಕನಿಗಿಂತ ಒಂದು ತಲೆ ಎತ್ತರವಿದ್ದಳು. ಅಕ್ಕನ ಹಳೆಯ ಬಟ್ಟೆ ತಂಗಿಗೆ ಬರುವುದು ಎಲ್ಲ ಮನೆಯ ರೂಢಿ. ಈ ಮನೆಯಲ್ಲಿ ತಂಗಿಯ ಹಳೆಯ ಬಟ್ಟೆ ಅಕ್ಕನಿಗೆ ಹೋಗುತ್ತಿತ್ತು.

ಅಂಗಡಿಗೆ ಬರುವವರಲ್ಲಿ ಒಬ್ಬ ಬೇಕರಿಯವನಿದ್ದ. ಮೂರು ಗಂಡುಮಕ್ಕಳ ತಂದೆ, ಬಾಯಿಬಡುಕ. ಅಕ್ಕತಂಗಿಯರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ ಅವನು ಒಂದು ದಿನ, "ಮಾಸ್ಟರ್, ಬಟ್ಟೆ ಉಳಿಸೋಕೆ ಅಂತ ದೊಡ್ಡೋಳನ್ನ ಚಿಕ್ಕದಾಗಿ ಕಟ್ ಮಾಡಿದ್ರಾ?" ಎಂದ. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ದರ್ಜಿಯೇ. ಕಟಿಂಗ್ ಮೇಜಿನ ಕೆಳಗೆ ಕೂತು ಗುಂಡಿ ವಿಂಗಡಿಸುತ್ತಿದ್ದ ಬಾಬಿನ್ ಮುಖ ಸಣ್ಣಗೆ ಮಾಡಿಕೊಂಡಳು. ದರ್ಜಿ ಬಗ್ಗಿ ನೋಡಿ, "ಏ, ನಗೇ. ಗಿರಾಕಿ ನಕ್ಕಾಗ ನಾವೂ ನಗಬೇಕು" ಎಂದ. ಅವಳು ನಕ್ಕಳು. ಆ ಜೋಕನ್ನು ಅವನು ಆಮೇಲೆ ಎಷ್ಟೋ ಗಿರಾಕಿಗಳಿಗೆ ತಾನೇ ಹೇಳಿದ, ಬಾಬಿನ್ ಪ್ರತಿ ಸಲವೂ ತಪ್ಪದೆ ನಕ್ಕಳು.

ಅವನ ಹೆಂಡತಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಕಾಜಾ ಹಾಕಿ ಗುಂಡಿ ಹೊಲಿಯುತ್ತ ಕೂರುವ ಹೆಂಗಸು, ಮಾತು ಕಮ್ಮಿ. ಒಂದು ಸಂಜೆ ಬಾಬಿನ್ನಳ ಚೀಲದಿಂದ ಬಣ್ಣ ತುಂಬಿದ ಬಾತುಕೋಳಿಯ ಚಿತ್ರ ಹೊರಬಿತ್ತು. ಐದನೇ ತರಗತಿಯವರಿಗೆ ಬಾತುಕೋಳಿ ಯಾಕೆ ಎಂದು ಕೆದಕಿ ಕೇಳಿದಾಗ ವಿಷಯ ಹೊರಬಂತು. ಹೊಸದಾಗಿ ಬಂದ ಟೀಚರು ವರಾಂಡದಲ್ಲಿ ನಿಂತವಳ ರಟ್ಟೆ ಹಿಡಿದು, ದಾರಿ ತಪ್ಪಿದ ಕೂಸು ಎಂದುಕೊಂಡು, ಎಳೆಮಕ್ಕಳ ಕೋಣೆಯಲ್ಲಿ ಕೂರಿಸಿದ್ದರು. ಬಾಬಿನ್ ತಾನು ಐದನೇ ತರಗತಿ ಎಂದು ಬಾಯಿ ಬಿಡಲಿಲ್ಲ. ಇಡೀ ದಿನ ಅಲ್ಲೇ ಕೂತು ಬಣ್ಣ ತುಂಬಿ ಬಂದಿದ್ದಳು.

"ಈ ರಜೇಲೇ ಆಸ್ಪತ್ರೆಗೆ ಹೋಗ್ತಿದೀವಿ" ಎಂದಳು ತಾಯಿ. ಗಂಡನನ್ನು ಕೇಳಿದ್ದಲ್ಲ, ಹೇಳಿದ್ದು.

ಮಕ್ಕಳ ಡಾಕ್ಟರಮ್ಮನ ಕೋಣೆಯ ಗೋಡೆಗೆ ಎತ್ತರ ನೋಡುವ ಪಟ್ಟಿ ಹೊಡೆದಿತ್ತು, ಅದರ ಪಕ್ಕದಲ್ಲೇ ಒಂದು ಬಣ್ಣದ ಜಿರಾಫೆ. ಬಾಬಿನ್ನಳ ತಲೆ ಜಿರಾಫೆಯ ಹೆಗಲು ದಾಟಲಿಲ್ಲ. ಡಾಕ್ಟರಮ್ಮ ಕೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಎಲುಬು ವಯಸ್ಸಿಗಿಂತ ಹಿಂದಿದೆ. ಇದು ಒಂದು ರೀತೀಲಿ ಒಳ್ಳೇದೇ. ತುದಿಗಳು ಇನ್ನೂ ಕೂಡಿಕೊಂಡಿಲ್ಲ, ಬೆಳೆಸೋಕೆ ಜಾಗ ಇದೆ. ಮೈಯಲ್ಲಿ ಬೆಳವಣಿಗೆಯ ಹಾರ್ಮೋನು ಅಂತ ಇರುತ್ತೆ, ಅದು ಒಂಚೂರು ಮೂತ್ರದಲ್ಲೂ ಬರುತ್ತೆ. ಇಡೀ ದಿನದ ಮೂತ್ರ ಹಿಡಿದು ತಂದ್ರೆ ಅಳೆದು ನೋಡ್ತೀವಿ. ಕಮ್ಮಿ ಬಂದ್ರೆ ಇಲ್ಲೇ ಅಡ್ಮಿಟ್ ಮಾಡ್ಕೊಂಡು ರಕ್ತ ನೋಡಿ ಇಂಜೆಕ್ಷನ್ ಶುರು ಮಾಡ್ತೀವಿ, ಅದನ್ನ ಆಸ್ಪತ್ರೆಯೇ ಕೊಡುತ್ತೆ. ಆದ್ರೆ ಈಗಲೇ ಆಗ್ಬೇಕು. ಎಲುಬಿನ ತುದಿ ಕೂಡಿಕೊಂಡ ಮೇಲೆ ಯಾರಿಂದಲೂ ಏನೂ ಮಾಡೋಕಾಗಲ್ಲ."

ಹೊರಗೆ ಸಿಸ್ಟರು ಒಂದು ಅಗಲ ಬಾಯಿಯ ಪ್ಲಾಸ್ಟಿಕ್ ಕ್ಯಾನು ಕೈಗಿಟ್ಟರು. "ಬೆಳಿಗ್ಗೆ ಎದ್ದಾಗಿನ ಮೊದಲನೇದು ಚೆಲ್ಲಿಬಿಡಿ. ಅಲ್ಲಿಂದ ಮಾರನೇ ಬೆಳಿಗ್ಗೆ ಎದ್ದಾಗಿನದ್ದರ ತನಕ ಎಲ್ಲಾನೂ ಇದಕ್ಕೆ. ತಂಪಾಗಿಡಿ. ಒಂದು ಸಲ ತಪ್ಪಿದ್ರೂ, ಚೆಲ್ಲಿದ್ರೂ, ಪೂರ್ತಿ ಬಿಸಾಕಿ ಬಂದು ಹೊಸ ಕ್ಯಾನ್ ತಗೊಂಡ್ಹೋಗಿ. ಅಡ್ಜಸ್ಟ್ ಮಾಡೋಕೆ ಹೋಗ್ಬೇಡಿ."

"ನಾವು ಅಳತೆ ಕೆಲಸದವರು ಸಿಸ್ಟರ್," ದರ್ಜಿ ನಕ್ಕ. "ನಮಗೆ ಹೇಳ್ಬೇಕಾ?"

ಶಾಲೆ ಶುರುವಾಗುವ ಮುಂಚಿನ ವಾರ ಅದು, ದರ್ಜಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ರಜೆಯಾದ್ದರಿಂದ ಬಾಬಿನ್ ಮನೆಯಲ್ಲೇ ಇದ್ದಳು. ಮನೆಯೆಂದರೆ ಅಂಗಡಿಯ ಹಿಂದಿನ ಎರಡು ಕೋಣೆ. ಬಚ್ಚಲಲ್ಲಿ ಐಸು ಹಾಕಿದ ಬಕೆಟ್ಟಿನೊಳಗೆ ಕ್ಯಾನು ಕೂತಿತ್ತು. ಅವಳು ಲೋಟಗಟ್ಟಲೆ ನೀರು ಕುಡಿದಳು. ಒಂದೊಂದು ಸಲ ಹೋಗಿ ಬಂದಾಗಲೂ "ಅಮ್ಮಾ, ಆಯ್ತು!" ಎಂದು ಬೀದಿಗೇ ಕೇಳುವಂತೆ ಕೂಗಿ, ಕ್ಯಾನನ್ನು ಎತ್ತಿ ಬೆಳಕಿಗೆ ಹಿಡಿದು ಎಲ್ಲಿಗೆ ಬಂತು ಎಂದು ನೋಡಿದಳು. ಈ ಪಾಪದ ಕೂಸು ತನ್ನ ಎತ್ತರವನ್ನೇ ಅದರೊಳಗೆ ತುಂಬಿಸುತ್ತಿರುವಂತೆ ಹಿಗ್ಗುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ತಾಯಿ ಗುಂಡಿ, ಝಿಪ್ಪು ತರಲು ಪೇಟೆಗೆ ಹೋದಳು, ಬಾಬಿನ್ ಮಲಗಿದಳು. ಬಚ್ಚಲಿಗೆ ಬಿಸಿಲು ಬಿದ್ದು ಐಸು ಕರಗಿತ್ತು. ದರ್ಜಿಗೆ ಅಷ್ಟು ಗಮನವಿತ್ತು, ಇಲ್ಲವೆನ್ನುವಂತಿಲ್ಲ. ಕ್ಯಾನನ್ನು ಎತ್ತಿ ತಂದು ಅಂಗಡಿಯ ಕಟಿಂಗ್ ಮೇಜಿನ ಕೆಳಗೆ, ಸಿಮೆಂಟು ತಣ್ಣಗಿರುವ ಕಡೆ ಇಟ್ಟ. ಮುಚ್ಚಳ ಸಡಿಲವಿತ್ತು. ಆಮೇಲೆ ಬಿಗಿ ಮಾಡಿದರಾಯಿತು ಎಂದು ಕತ್ತರಿ ಕೈಗೆತ್ತಿಕೊಂಡ.

ನೆಲದ ಮೇಲೆ ಹಾಸಿದ ದುಪ್ಪಟಿಯಲ್ಲಿ ಒಂದು ಇಡೀ ತರಗತಿಯ ಬಿಳಿ ಅಂಗಿಗಳ ಕತ್ತರಿಸಿದ ತುಂಡುಗಳು ಬಿದ್ದಿದ್ದವು, ತೋಳು ಬೇರೆ, ಕಾಲರು ಬೇರೆ. ದರ್ಜಿ ಸುತ್ತಿಟ್ಟ ಬಟ್ಟೆಯ ಥಾನು ಉರುಳಿಸುತ್ತ ಮೇಜಿನ ಕಡೆಗೆ ಒಂದು ಹೆಜ್ಜೆ ಹಿಂದಿಟ್ಟ. ಹಿಮ್ಮಡಿ ತಗುಲಿ ಕ್ಯಾನು ಮಗುಚಿಕೊಂಡಿತು. ಮುಚ್ಚಳ ಕಿತ್ತುಬಂದು ಮೂತ್ರ ಬಿಳಿ ಬಟ್ಟೆಯ ಕಡೆಗೆ ಹರಿಯಿತು. ಅವನು "ಅಯ್ಯೋ" ಎಂದು ಬಗ್ಗಿ, ಅಂಗಿಯ ಬೆನ್ನುಗಳನ್ನು ಎರಡು ತೋಳಲ್ಲಿ ಬಾಚಿ ಮೇಜಿನ ಮೇಲೆ ಹಾಕಿದ. ಮತ್ತೆ ಬಗ್ಗಿ ತೋಳುಗಳನ್ನು ಎತ್ತಿದ. ಇನ್ನೊಮ್ಮೆ ಬಗ್ಗಿ ಕಾಲರುಗಳನ್ನೂ ಎತ್ತಿದ. ಅದಾದ ಮೇಲೆ ಕ್ಯಾನನ್ನು ನಿಲ್ಲಿಸಿದ. ಅಷ್ಟು ಹೊತ್ತಿಗೆ ತಳದಲ್ಲಿ ಒಂದು ಲೋಟದಷ್ಟು ಉಳಿದಿತ್ತು. ಈ ಮನುಷ್ಯನ ಬಗ್ಗೆ ಮುಂದೆ ಯಾರಿಗಾದರೂ ಮರುಕ ಹುಟ್ಟಿದರೆ, ಅವನು ಮೊದಲು ಎತ್ತಿದ್ದು ಏನು ಎನ್ನುವುದನ್ನು ನೆನಪಿಸಿಕೊಳ್ಳಲಿ.

ಹೋಗಲಿ, ಮಾರನೇ ದಿನ ಆಸ್ಪತ್ರೆಗೆ ಹೋಗಿ "ಚೆಲ್ಲಿಹೋಯ್ತು ಸಿಸ್ಟರ್, ಇನ್ನೊಂದು ಕೊಡಿ" ಎಂದಿದ್ದರೆ ಒಂದು ಬೈಗುಳದಲ್ಲಿ ಮುಗಿದುಹೋಗುತ್ತಿತ್ತು. ಆದರೆ ಬಟ್ಟೆ ಕಮ್ಮಿ ಬಿತ್ತು ಎಂದು ಯಾವ ಗಿರಾಕಿಯ ಮುಂದೆಯೂ ಬಾಯಿ ಬಿಟ್ಟು ಗೊತ್ತಿಲ್ಲದ ದರ್ಜಿ ಇವನು. ಕಮ್ಮಿ ಬಿದ್ದರೆ ಅದೇ ಥಾನಿನಿಂದ ಒಂದು ತುಂಡು ತೆಗೆದು ಕಂಕುಳಲ್ಲೋ ಕಾಲರಿನ ಅಡಿಯಲ್ಲೋ ಸೇರಿಸಿ ಹೊಲಿದುಬಿಡುವುದು ಅವನ ಪದ್ಧತಿ. ಬಣ್ಣ ಅದೇ, ನೂಲು ಅದೇ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಕಂಡುಹಿಡಿದಿರಲಿಲ್ಲ. ಅವನು ನೆಲ ಒರೆಸಿ, ಚಿಂದಿ ಹಿಂಡಿ, ಕೈ ತೊಳೆದುಕೊಂಡು ಬರುವಾಗ ಪುಟ್ಟಿ ಆಟ ಮುಗಿಸಿ ಬೆವೆತು ಒಳಗೆ ಬಂದಳು. ಅವನು ಅವಳನ್ನು ನೋಡಿದ. ಮನಸ್ಸು ಹಗುರಾಯಿತು.

"ಪುಟ್ಟಿ, ನೀರು ಕುಡಿ."

"ಕುಡ್ದೆನಪ್ಪ."

"ಇನ್ನೊಂದು ಲೋಟ ಕುಡಿ. ಕುಡಿದು ಇದಕ್ಕೆ ಹೋಗು."

ಪುಟ್ಟಿ ಕ್ಯಾನು ನೋಡಿ ಮೂಗು ಮುರಿದಳು. "ಅದು ಅಕ್ಕಂದಲ್ವಾ?"

"ಅಕ್ಕಂದು ಚೆಲ್ಲಿಹೋಯ್ತು. ಅವಳಿಗೆ ಹೇಳ್ಬೇಡ, ಅಳ್ತಾಳೆ. ಅಮ್ಮನಿಗೂ ಬೇಡ."

"ನಂದೂ ಅಕ್ಕಂದೂ ಒಂದೇನಾ?"

"ಒಂದೇ ಥಾನಿನ ಬಟ್ಟೆ ಕಣೇ ನೀವಿಬ್ರೂ," ಎಂದ ದರ್ಜಿ, "ಯಾರಿಗೆ ಗೊತ್ತಾಗುತ್ತೆ?"

ಸಂಜೆಯೊಳಗೆ ಪುಟ್ಟಿಗೆ ಅಂಗಡಿಯಲ್ಲಿದ್ದ ಕೆಂಪು ಸ್ಯಾಟಿನ್ ರಿಬ್ಬನ್ನಿನ ಇಡೀ ಸುರುಳಿ ಸಿಕ್ಕಿತು, ಕ್ಯಾನು ಮೊದಲಿಗಿಂತ ಮೇಲಕ್ಕೆ ತುಂಬಿತು. ಬಾಬಿನ್ ಎದ್ದು ಕಣ್ಣುಜ್ಜುತ್ತ ಬಂದವಳು ಅದನ್ನು ಎತ್ತಿ ನೋಡಿ ಬೆರಗಾದಳು. "ಅಪ್ಪಾ! ನಾನು ಇಷ್ಟೊಂದು ಮಾಡಿದ್ನಾ?"

"ನೀನಲ್ದೆ ಇನ್ಯಾರು," ಎಂದ ದರ್ಜಿ.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ನೋಡಿದರು. "ನಾನು ಕಮ್ಮಿ ಬರುತ್ತೆ ಅಂದ್ಕೊಂಡಿದ್ದೆ. ಹಾರ್ಮೋನು ಚೆನ್ನಾಗಿದೆ. ಇಂಜೆಕ್ಷನ್ ಬೇಕಾಗಲ್ಲ. ಕೆಲವು ಮಕ್ಕಳು ತಡವಾಗಿ ಎದ್ದೇಳ್ತಾರೆ."

ದರ್ಜಿ ಕುರ್ಚಿಯ ಅಂಚಿಗೆ ಜರುಗಿದ. ಹೇಳಿಬಿಡಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಸೆರಗನ್ನು ಕಣ್ಣಿಗೊತ್ತಿಕೊಂಡಳು, ಬಾಬಿನ್ ಕುರ್ಚಿಯಿಂದ ಕೆಳಗೆ ಹಾರಿ, "ಹಂಗಾದ್ರೆ ನಾನು ತಾನಾಗೇ ಬೆಳೀತೀನಾ?" ಎಂದಳು.

"ಬೆಳೀಬೇಕು. ಆರು ತಿಂಗಳು ಬಿಟ್ಟು ತಪ್ಪದೆ ಕರ್ಕೊಂಡ್ಬನ್ನಿ, ಅಳತೆ ನೋಡೋಣ. ಬೆಳೆದಿಲ್ಲ ಅಂದ್ರೆ ಟೆಸ್ಟನ್ನ ಇನ್ನೊಂದು ಸಲ ಮಾಡಿದರಾಯ್ತು."

ದರ್ಜಿ ಬಾಯಿ ಮುಚ್ಚಿಕೊಂಡ. ಮನೆಗೆ ಬರುವ ದಾರಿಯಲ್ಲಿ ಬಾಬಿನ್ ಅವನ ಬೆರಳು ಹಿಡಿದು ಜೋಲಾಡುತ್ತ, "ಅಪ್ಪಾ, ನನ್ನ ಹೊಸ ಸ್ಕರ್ಟಿಗೆ ಎಲ್ಲರಿಗಿಂತ ದೊಡ್ಡ ಮಡಿಕೆ ಬಿಡು" ಎಂದಳು. ಅವನು ಎಂಟು ಬೆರಳು ಬಿಟ್ಟ.

ವರದಿಯ ಬಗ್ಗೆ ಒಂದು ವಿಚಿತ್ರವೆಂದರೆ, ಅದನ್ನು ಯಾರು ನಂಬಬಾರದಿತ್ತೋ ಅವನೇ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ. ಒಂದೇ ತಂದೆತಾಯಿ, ಒಂದೇ ಅಡಿಗೆ, ಒಂದೇ ರಕ್ತ; ಚಿಕ್ಕವಳಲ್ಲಿ ಇರುವುದು ದೊಡ್ಡವಳಲ್ಲಿ ಇಲ್ಲದೆ ಎಲ್ಲಿಗೆ ಹೋಗುತ್ತದೆ? ತಾನು ಹೊಲಿದ ಸುಳ್ಳನ್ನು ತಾನೇ ತೊಟ್ಟುಕೊಂಡು ಓಡಾಡಿದ. ಆರು ತಿಂಗಳಾಗುತ್ತ ಬಂದಾಗ ಹೆಂಡತಿ ಜ್ಞಾಪಿಸಿದಳು. ಅವನು ಏನೋ ನೆಪ ಮಾಡಿ ಬಾಬಿನ್ನಳನ್ನು ನಿಲ್ಲಿಸಿ ಟೇಪು ಹಿಡಿದ. ಒಂದು ಕೂದಲೆಳೆಯಷ್ಟೂ ಎದ್ದಿರಲಿಲ್ಲ. ಆಸ್ಪತ್ರೆಗೆ ಹೋದರೆ ಇನ್ನೊಂದು ಟೆಸ್ಟು. ಅದು ಕಮ್ಮಿ ಬಂದರೆ ಡಾಕ್ಟರಮ್ಮ ಮೊದಲನೆಯದು ಯಾರದ್ದು ಎಂದು ಕೇಳದೆ ಬಿಡುವುದಿಲ್ಲ, ಪಕ್ಕದಲ್ಲಿ ಹೆಂಡತಿ ಕೂತಿರುತ್ತಾಳೆ.

ಹೆಂಡತಿ ಪೇಟೆಗೆ, ಮಕ್ಕಳು ಶಾಲೆಗೆ ಹೋದ ಒಂದು ಬೆಳಿಗ್ಗೆ, ಒಗೆದು ಇಟ್ಟಿದ್ದ ಬಾಬಿನ್ನಳ ಇನ್ನೊಂದು ಸ್ಕರ್ಟನ್ನು ತೆಗೆದುಕೊಂಡ. ಸೊಂಟದ ಪಟ್ಟಿ ಬಿಚ್ಚಿದ. ಒಂದು ಬೆರಳು ಬಟ್ಟೆಯನ್ನು ಪಟ್ಟಿಯೊಳಕ್ಕೆ ನುಂಗಿಸಿ, ಹೊರಗೆ ಕಾಣದಂತೆ ಹೊಲಿದು, ಇಸ್ತ್ರಿ ಹಾಕಿ ಎಲ್ಲಿತ್ತೋ ಅಲ್ಲೇ ಇಟ್ಟ. ಅಷ್ಟು ನೀಟಾದ ಕೆಲಸವನ್ನು ಅವನು ಗಿರಾಕಿಗಳಿಗೂ ಮಾಡಿರಲಿಲ್ಲ.

ಮಾರನೇ ಬೆಳಿಗ್ಗೆ ಒಳಗಿನಿಂದ ಕಿರುಚಾಟ. "ಅಮ್ಮಾ! ಅಮ್ಮಾ! ಸ್ಕರ್ಟು ಮೇಲೆ ಬಂದಿದೆ! ನೋಡು, ಮೊಣಕಾಲು ಕಾಣ್ತಿದೆ!"

ತಾಯಿ ಓಡಿ ಬಂದು ನೋಡಿದಳು. ಎದೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕೆಳಗೆ ಕೂತಳು. ದರ್ಜಿ ಬಾಬಿನ್ನಳನ್ನು ಕಟಿಂಗ್ ಮೇಜಿನ ಮೇಲೆ ನಿಲ್ಲಿಸಿ, ಹೊಲಿಗೆ ಬಿಚ್ಚುವ ಕೊಕ್ಕೆ ಹಿಡಿದು, ಅಂಗಡಿಗೆ ಆಗಲೇ ಬಂದಿದ್ದ ಇಬ್ಬರು ತಾಯಂದಿರ ಎದುರಿಗೆ ಮಡಿಕೆಯಿಂದ ಒಂದು ಬೆರಳು ಇಳಿಸಿಕೊಟ್ಟ. "ಆಸ್ಪತ್ರೆಗೆ ಯಾಕೇ ಹೋಗೋದು, ಎದ್ದೇಳ್ತಿದಾಳಲ್ಲ" ಎಂದ ಹೆಂಡತಿಗೆ. ಅವಳು ತಲೆಯಾಡಿಸಿದಳು. ಪಾಪ, ನಂಬಲೇಬೇಕೆಂದು ಕೂತವಳು ಟೇಪು ಕೇಳಲಿಲ್ಲ. ಇನ್ನೊಂದು ಸ್ಕರ್ಟಿಗೂ ಆ ವಾರದಲ್ಲೇ ಅದೇ ಗತಿಯಾಯಿತು.

ಬಾಬಿನ್ ತನ್ನ ಮೊದಲ ಗೆರೆಯನ್ನು ಶಾಲೆಯಲ್ಲೆಲ್ಲ ತೋರಿಸಿದಳು. ಸಾಲಿನಲ್ಲಿ ಅವಳು ಮುಂಚಿನಂತೆ ಎಲ್ಲರಿಗಿಂತ ಮುಂದೆಯೇ ನಿಲ್ಲುತ್ತಿದ್ದಳು. "ಸ್ಕರ್ಟು ಬೆಳೀತಿದೆ, ನೀನೆಲ್ಲಿ ಬೆಳೀತಿದೀಯ?" ಎಂದು ಹಿಂದಿನವಳು ಆಡಿಕೊಂಡಳು. ಬಾಬಿನ್ ಅದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಟ್ಟಳು.

ಹೀಗೆ ವರ್ಷ ವರ್ಷವೂ ನಡೆಯಿತು. ಮೇಲೆ ನುಂಗಿಸುವುದು, ಕೆಳಗೆ ಇಳಿಸುವುದು. ಪಟ್ಟಿ ದಪ್ಪಗಾಯಿತಲ್ಲ ಎಂದು ಹೆಂಡತಿ ಒಗೆಯುವಾಗ ಕೇಳಿದರೆ, ಗಟ್ಟಿಯಿರಲೆಂದು ಒಳಗೆ ಕ್ಯಾನ್ವಾಸು ಕೊಟ್ಟಿದ್ದೇನೆ ಎಂದ. ಹದಿಮೂರಕ್ಕೆ ಬಾಬಿನ್ ದೊಡ್ಡವಳಾದಳು. ತಾಯಿ ಇನ್ನು ಎದ್ದುಬಿಡುತ್ತಾಳೆ ಎಂದು ಹಾಲುಮೊಸರು ಸುರಿದಳು. ಒಳಗೆ ಎಲುಬಿನ ತುದಿಗಳು ಒಂದೊಂದಾಗಿ ಕೂಡಿಕೊಳ್ಳುತ್ತಿದ್ದವು, ಹೊರಗೆ ಅಪ್ಪ ಮಡಿಕೆ ಬಿಚ್ಚಿಕೊಡುತ್ತಿದ್ದ. ಅಂಥ ಕೈ ಕತ್ತರಿಸಿಹೋಗಬೇಕಿತ್ತು. ಹೋಗಲಿಲ್ಲ, ಊರಿನಲ್ಲಿ ಅವನಂಥ ದರ್ಜಿಯಿಲ್ಲ ಎಂಬ ಹೆಸರೇ ಬೆಳೆಯಿತು.

ಹದಿನಾರು ತುಂಬಿದ ಬಾಬಿನ್ ಶಾಲೆ ಮುಗಿಸಿ ಅಂಗಡಿಯ ಎರಡನೇ ಯಂತ್ರಕ್ಕೆ ಕೂತಳು. ಪೆಡಲಿಗೆ ಕಾಲು ಎಟಕದ್ದರಿಂದ ದರ್ಜಿ ಒಂದು ಮರದ ಹಲಗೆ ಹೊಡೆದುಕೊಟ್ಟಿದ್ದ. ಕೆಲಸದಲ್ಲಿ ಅವಳದು ತಂದೆಯದೇ ಕೈ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಪೆಟ್ಟಿಗೆಯಿಂದ ತನ್ನ ಹಳೆಯ ಸ್ಕರ್ಟನ್ನು ತೆಗೆದಳು. ಅಂಚಿನಲ್ಲಿ ಒಂದರ ಮೇಲೊಂದು ಗೆರೆಗಳು. ಯಂತ್ರಕ್ಕೆ ಹೊದಿಕೆ ಮಾಡುತ್ತೇನೆ, ಗೆರೆಗಳು ಮೇಲೆ ಬರುವ ಹಾಗೆ, ಎಂದು ತಾಯಿಗೆ ಹೇಳಿ ಕೊಕ್ಕೆ ಕೈಗೆತ್ತಿಕೊಂಡಳು.

ಮೇಜಿನ ಹಿಂದೆ ದರ್ಜಿಯ ಕತ್ತರಿ ನಿಂತಿತು. "ಅದು ಯಾಕೆ ಈಗ? ಬೇರೆ ತುಂಡು ಕೊಡ್ತೀನಿ ತಡಿ."

"ಇರ್ಲಿ ಅಪ್ಪಾ, ಇದೇ ಬೇಕು."

ಅವಳು ಪಟ್ಟಿ ಬಿಚ್ಚಿದಳು. ಕ್ಯಾನ್ವಾಸು ಸಿಗಲಿಲ್ಲ. ಒಂದು ಮಡಿಕೆ ಹೊರಬಂತು, ಅದರೊಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು. ಒಂದೊಂದಕ್ಕೂ ಬೇರೆ ಬೇರೆ ದಾರ. ಬಿಸಿಲು ಕಾಣದ ಆ ಬಟ್ಟೆ ಕಡುನೀಲಿಯಾಗಿ ಹೊಳೆಯಿತು. ಬಾಬಿನ್ ಸ್ಕರ್ಟನ್ನು ಮೇಜಿನ ಮೇಲೆ ಹರಡಿದಳು. ಮೇಲಿನ ಮಡಿಕೆ ಅಳೆದಳು, ಕೆಳಗಿನ ಗೆರೆ ಅಳೆದಳು. ಮೇಲಿನದಕ್ಕೂ ಕೆಳಗಿನದಕ್ಕೂ ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ.

"ಇದು ನಿನ್ನ ಹೊಲಿಗೆ," ಎಂದಳು.

"ಸೊಂಟ ಸಡಿಲ ಇತ್ತು ಮಗಳೇ, ಅದಕ್ಕೆ..."

"ಸೊಂಟ ಸಡಿಲ ಇದ್ರೆ ಪಕ್ಕದಲ್ಲಿ ಹಿಡೀತಾರೆ. ನೀನೇ ಹೇಳಿಕೊಟ್ಟದ್ದು. ಮೇಲೆ ಯಾಕೆ ನುಂಗಿಸಿದೆ?"

ಮೂಲೆಯಲ್ಲಿ ತಾಯಿಯ ಸೂಜಿ ನಿಂತಿತ್ತು. ದರ್ಜಿ ಕತ್ತರಿ ಕೆಳಗಿಟ್ಟ. "ನಿನ್ನ ಮನಸ್ಸಿಗೆ ನೋವಾಗಬಾರ್ದು ಅಂತ."

"ರೀ," ಎಂದಳು ತಾಯಿ. ಎದ್ದು ಬಂದು ಸ್ಕರ್ಟನ್ನು ಮುಟ್ಟಿ ನೋಡಿದಳು. "ಆಸ್ಪತ್ರೆಗೆ ಬೇಡ ಬೇಡ ಅಂದದ್ದು ಇದನ್ನ ತೋರಿಸಿನಾ?"

ಒಳಬಾಗಿಲಲ್ಲಿ ಪುಟ್ಟಿ ನಿಂತಿದ್ದಳು. ಹದಿನಾಲ್ಕು ವರ್ಷ, ತಲೆ ಬಾಗಿಲಿನ ಮೇಲುಪಟ್ಟಿಗೆ ತಗುಲುವುದೊಂದು ಬಾಕಿ. ಜಗಳ ಬಿಡಿಸುವ ಆತುರದಲ್ಲಿ ಅವಳೆಂದಳು: "ಅಪ್ಪಂದೇನು ತಪ್ಪಮ್ಮಾ? ಟೆಸ್ಟು ಚೆನ್ನಾಗೇ ಬಂದಿತ್ತಲ್ಲ, ಡಾಕ್ಟ್ರೇ..." ಮಾತು ಅಲ್ಲೇ ನಿಂತಿತು. ಎಂಟು ವರ್ಷದ ಹುಡುಗಿಯ ತಲೆಯಲ್ಲಿ ರಿಬ್ಬನ್ನಾಗಿ ಉಳಿದಿದ್ದ ಸಂಗತಿ ಹದಿನಾಲ್ಕರವಳಿಗೆ ಆಗ, ಅಲ್ಲಿ, ಅರ್ಥವಾಯಿತು. "ಅಪ್ಪಾ, ಅಕ್ಕಂದು ಚೆಲ್ಲಿಹೋಗಿ ಆ ಕ್ಯಾನಲ್ಲಿ ಇದ್ದದ್ದು ನಂದಲ್ವಾ?"

ದರ್ಜಿ ಟೇಪನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ತಾಯಿ ಅವನ ಹತ್ತಿರ ಹೋದಳು. ಹೊಡೆಯುತ್ತಾಳೆ ಎಂದು ಅವನು ಕಣ್ಣು ಮುಚ್ಚಿಕೊಂಡ. ಹೊಡೆದಿದ್ದರೆ ಅವನಿಗೆ ಹಿತವಾಗುತ್ತಿತ್ತು. ಅವಳು ಅವನನ್ನು ದಾಟಿ ಹೋಗಿ ಚಪ್ಪಲಿ ಮೆಟ್ಟಿಕೊಂಡಳು. "ಬಾ ಬಾಬಿನ್" ಎಂದಳು.

ಅವನನ್ನು ಯಾರೂ ಕರೆಯಲಿಲ್ಲ. ಅಂಗಡಿ ತೆರೆದಿಟ್ಟುಕೊಂಡೇ ಹಿಂದೆ ಹಿಂದೆ ಹೋದ.

ಡಾಕ್ಟರಮ್ಮನ ಕೂದಲು ನೆರೆತಿತ್ತು, ಜಿರಾಫೆಯ ಬಣ್ಣ ಉದುರಿತ್ತು. ಅವರು ಹೊಸ ಎಕ್ಸ್‌ರೇಯ ಪಕ್ಕದಲ್ಲಿ ಹಳೆಯದನ್ನು ಹಿಡಿದು ತುಂಬ ಹೊತ್ತು ನೋಡಿದರು. "ಪೂರ್ತಿ ಕೂಡಿಕೊಂಡಿದೆ. ಇನ್ನು ಇಂಜೆಕ್ಷನ್ ಕೊಟ್ಟು ಪ್ರಯೋಜನ ಇಲ್ಲ. ಇಷ್ಟೇ." ಹಳೆಯ ವರದಿ ತಿರುವಿ, "ಆಗ ಹಾರ್ಮೋನು ಅಷ್ಟು ಚೆನ್ನಾಗಿತ್ತಲ್ಲ. ಯಾಕೆ ಹೀಗಾಯ್ತು?" ಎಂದರು.

"ಅದು ನನ್ನ ತಂಗೀದು ಡಾಕ್ಟ್ರೇ," ಎಂದಳು ಬಾಬಿನ್. "ಅವಳಿಗೆ ಈಗಲೂ ಚೆನ್ನಾಗೇ ಇದೆ."

ಡಾಕ್ಟರಮ್ಮ ಬಾಗಿಲ ಬಳಿ ನಿಂತ ದರ್ಜಿಯ ಕಡೆ ತಿರುಗಿದರು. ವಿಷಯವೆಲ್ಲ ತಾಯಿಯೇ ಹೇಳಿದಳು, ಎರಡು ಮಾತಿನಲ್ಲಿ.

"ಇನ್ನೊಂದು ಕ್ಯಾನ್ ಕೇಳಿದ್ರೆ ಕೊಡ್ತಿದ್ವಲ್ರೀ," ಎಂದರು ಡಾಕ್ಟರಮ್ಮ. "ಆ ರೂಮಿನ ತುಂಬ ಅವೇ ಇವೆ."

"ಒಂದೇ ರಕ್ತ ಅಲ್ವಾ ಮೇಡಂ, ಅಂತ..."

ಅವರು ಹಳೆಯ ವರದಿಯನ್ನು ಮಡಿಚಿಟ್ಟರು. ಬೆಲ್ಲು ಒತ್ತಿ ಮುಂದಿನ ಮಗುವನ್ನು ಒಳಗೆ ಕರೆದರು.

ಮನೆಯಲ್ಲಿ ಆಮೇಲೆ ರಂಪವೇನೂ ಆಗಲಿಲ್ಲ. ಹೆಂಡತಿ ಕಾಜಾ ಹಾಕಿದಳು, ಅಡಿಗೆ ಮಾಡಿದಳು, ಅವನಿಗೆ ಬಡಿಸಿದಳು, ಮಾತು ಮಾತ್ರ ಆಡಲಿಲ್ಲ. ಪುಟ್ಟಿ ಅಂದು ಅಪ್ಪ ಆಡಿದ್ದನ್ನೆಲ್ಲ ಒಂದು ಮಾತೂ ಬಿಡದೆ ಅಕ್ಕನಿಗೆ ಹೇಳಿದಳು, ಅಂದಿನಿಂದ ಅವಳ ಎದುರು ಬೆನ್ನು ಬಗ್ಗಿಸಿ ನಡೆಯುವ ಅಭ್ಯಾಸ ಮಾಡಿಕೊಂಡಳು. ಬಾಬಿನ್ ಊರಾಚೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. ಅಲ್ಲೇ ಹಾಸ್ಟೆಲ್ಲಿನಲ್ಲಿರುವುದು, ಕಾರ್ಖಾನೆಯ ಬೂದು ಸ್ಕರ್ಟು ಹೊಲಿಸಿಕೊಂಡು ಬರಬೇಕು. ಪುಟ್ಟಿಗೂ ಹೊಸ ತರಗತಿಗೆ ಬೂದು ಬಣ್ಣವೇ ಇದ್ದದ್ದರಿಂದ ದರ್ಜಿ ಒಂದೇ ಥಾನು ತಂದ. ತಾನೇ ಹೊಲಿಯುತ್ತೇನೆಂದು ಅಂಗಲಾಚಿದ. ಬಾಬಿನ್ ಬೇಡ ಎನ್ನಲಿಲ್ಲ.

ಅದೂ ಶಾಲೆ ಶುರುವಾಗುವ ವಾರವೇ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೇಕರಿಯವನು ಕೊನೇ ಮಗನನ್ನು ಕರೆದುಕೊಂಡು ಬೆಂಚಿನ ಮೇಲೆ ಕೂತಿದ್ದ. ದರ್ಜಿ ಮಂಡಿಯೂರಿ ಮಗಳ ಸೊಂಟದಿಂದ ಟೇಪು ಇಳಿಬಿಟ್ಟ. ಎದ್ದು ಬಟ್ಟೆ ಹರಡಿ ಸೀಮೆಸುಣ್ಣದಲ್ಲಿ ಗುರುತು ಎಳೆದ. ಆಮೇಲೆ, ಕೈಗೆ ಅದೇ ಅಭ್ಯಾಸ, ಅದರ ಕೆಳಗೆ ನಾಲ್ಕು ಬೆರಳು ಬಿಟ್ಟು ಇನ್ನೊಂದು ಗುರುತು ಎಳೆದ.

"ಮಡಿಕೆ ಬೇಡ," ಎಂದಳು ಬಾಬಿನ್.

"ಇರ್ಲಿ ಬಿಡು. ಮುಂದೆ..."

"ಮುಂದೆ ಏನು?"

ಅವನು ಸೀಮೆಸುಣ್ಣ ಕೆಳಗಿಟ್ಟ.

"ಮೊದಲ ಗುರುತಿಗೇ ಕತ್ತರಿಸು. ಕಮ್ಮಿ ಬಿದ್ರೆ ಪುಟ್ಟಿಯದರಲ್ಲಿ ಒಂದು ತುಂಡು ತೆಗೆದು ಸೇರಿಸು. ಒಂದೇ ಥಾನು ಅಲ್ವಾ, ಯಾರಿಗೆ ಗೊತ್ತಾಗುತ್ತೆ?"

ಬೇಕರಿಯವನಿಗೆ ಅದು ಬಲು ಚೆನ್ನಾಗಿ ಕಂಡಿತು. ತೊಡೆ ತಟ್ಟಿ ನಕ್ಕ. "ಎಂಥಾ ಬಾಯಿ ಮಾಸ್ಟರ್ ನಿಮ್ಮ ಮಗಳದ್ದು!" ಎಂದ. ಅವನ ಹಿಂದೆ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ದರ್ಜಿ ಕತ್ತರಿ ಹಿಡಿದು ನಿಂತೇ ಇದ್ದ.

ಬಾಬಿನ್ ತಲೆಯೆತ್ತಿ ಅವನ ಮುಖವನ್ನೇ ನೋಡಿದಳು. "ನಗು ಅಪ್ಪಾ," ಎಂದಳು. "ಗಿರಾಕಿ ನಗ್ತಿದಾರೆ."

ದರ್ಜಿ ನಕ್ಕ. ನಗುತ್ತಲೇ ಬಗ್ಗಿ, ಮೊದಲ ಗುರುತಿನ ಮೇಲೆ ಕತ್ತರಿಯಿಟ್ಟು, ನಾಲ್ಕು ಬೆರಳು ಬಟ್ಟೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ಕತ್ತರಿಸಿದ.